ಭಾನುವಾರ ಗರಡಿ ಮಣ್ಣು ಹದ ಮಾಡೋ ಕೆಲ್ಸ, ಎಲ್ರೂ ಬನ್ನಿ

ಎಲ್ರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 6ಕ್ಕೆ ಪ್ರಾಕ್ಟೀಸ್ ಇರಲ್ಲ, ಅದ್ರ ಬದ್ಲು ಗರಡಿ ಮಣ್ಣು ಅಗೆದು ಹದ ಮಾಡ್ಬೇಕು, ದಸರಾ ಕುಸ್ತಿಗೆ ಮೈಸೂರಿನ ದೊಡ್ಡಕೆರೆ ಮೈದಾನಕ್ಕೆ ಹೋಗೋರು 8 ಜನ ಇದೀರಾ, ಮಣ್ಣು ಹಿಂಗೇ ಗಟ್ಟಿಯಾಗಿದ್ರೆ ಬಿದ್ದಾಗ ಭುಜಕ್ಕೇ ಪೆಟ್ಟು.

ಗುದ್ದಲಿ, ಜರಡಿ ಇರೋರು ತನ್ನಿ. ಕಲ್ಲು ಆರಿಸಿದ್ಮೇಲೆ ಅರಿಶಿನ, ಎಣ್ಣೆ ಕಲಸೋದು, ಉಸ್ತಾದ್ರು ಹೇಳಿದ ಅಳತೇಲೇ ಹಾಕಿ.

ಹೊಸದಾಗಿ ಸೇರಿರೋ ಹುಡುಗ್ರು ಹುಡುಗೀರು ಸಂಕೋಚ ಪಡ್ಬೇಡಿ, ಒಂದು ಪಟ್ಟೂ ಬರದೇ ಇದ್ರೂ ಪರ್ವಾಗಿಲ್ಲ, ಕೈಯಾರೆ ಮಣ್ಣು ಕಲಸಿದ್ರೆ ಈ ಜಾಗ ನಮ್ದು ಅನ್ಸುತ್ತೆ, ನಂಗೂ ಹಂಗೇ ಆಗಿದ್ದು. ಹುಳುಕಡ್ಡಿ, ಗಾಯ ಇರೋರು ಮಾತ್ರ ದಯವಿಟ್ಟು ಮಣ್ಣಿಗಿಳೀಬೇಡಿ, ಸೋಂಕು ಎಲ್ರಿಗೂ ಹರಡುತ್ತೆ.

ಬರೋರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸ್ರು ಹಾಕಿ, ಉಪ್ಪಿಟ್ಟಿಗೆ ಲೆಕ್ಕ ಬೇಕು.