ಮುಂದಿನ ಕೋಣೆಯ ಬೀಗ

ಬೀದರ್

ಪ್ರೀತಿಯ ಮಗಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಬಾಡಿಗೆದಾರ ಮೂರು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ, ಅವನು ಕೆಲಸಕ್ಕೆ ಹೋದ ಮೇಲೆ ಮುಂದಿನ ಕೋಣೆಗೆ ಬೇರೆ ಬೀಗ ಜಡಿದು, ಹಾಸಿಗೆ, ಟ್ರಂಕನ್ನೆಲ್ಲ ಅಂಗಳಕ್ಕೆ ಎಸೆಯುತ್ತೇನೆ ಎಂದೆಯಲ್ಲ, ಅದೊಂದನ್ನು ಮಾಡಬೇಡ.

ನಾನು ಮಾಡಿ ನೋಡಿದ್ದೇನೆ. ನಿನ್ನ ಅತ್ತೆಯನ್ನು ಕೇಳು. ನಮ್ಮ ಮಾಳಿಗೆಯ ಕೋಣೆಯಲ್ಲಿ ಒಬ್ಬ ಐದು ತಿಂಗಳು ಬಾಡಿಗೆ ಕೊಡದೆ ಕೂತಿದ್ದ. ಸಿಟ್ಟಿನಲ್ಲಿ ಬೀಗ ಹಾಕಿದೆ. ಸಂಜೆಯೊಳಗೆ ಅವನು ಠಾಣೆಗೆ ಹೋಗಿ, ಒಳಗೆ ಬಂಗಾರವಿತ್ತು ಎಂದು ಬರೆಸಿದ! ಬಾಕಿ ಕೇಳಬೇಕಾದ ನಾನೇ ಕಳ್ಳನಂತೆ ತಲೆ ತಗ್ಗಿಸಿ ನಿಂತೆ. ಕೊನೆಗೆ ಬೀಗ ತೆಗೆದುಕೊಟ್ಟು, ಬಾಕಿಯನ್ನೂ ಬಿಟ್ಟೆ. ಆಮೇಲೆ ವಕೀಲರು ತಿಳಿಸಿದರು: ಬಾಡಿಗೆ ಕೊಡದವನನ್ನೂ ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ ಅವನು 6 ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬರಬಹುದು.

ನಳ ಬಂದ್ ಮಾಡುವುದು, ಫ್ಯೂಸ್ ಕೀಳುವುದು ಕೂಡ ಬೇಡ. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಒಬ್ಬನಿಗೆ ನೀರು ನಿಲ್ಲಿಸಿದರೆ ಓಣಿಯೆಲ್ಲ ಅವನ ಪರವೇ ಮಾತಾಡುತ್ತದೆ. ಮೇಲಾಗಿ ಮೀಟರ್ ಒಂದೇ. ನೀನೂ ಕತ್ತಲಲ್ಲಿ ಕೂರಬೇಕು.

ಇನ್ನೊಂದು ಮಾತು, ನಿಷ್ಠುರವಾದರೂ ಸರಿ. ರಾತ್ರಿಯೆಲ್ಲ ಕೂಲರ್ ಓಡಿಸುತ್ತಾನೆ, ನೀನು ತುಂಬಿಟ್ಟ ನೀರನ್ನೇ ಅದಕ್ಕೆ ಸುರಿಯುತ್ತಾನೆ, ಗೆಳೆಯರನ್ನು ಕರೆತಂದು ಹನ್ನೆರಡರವರೆಗೆ ಹರಟುತ್ತಾನೆ ಎಂದೆ. ಇದನ್ನು ಅವನಿಗೆ ಎಂದಾದರೂ ಬಾಯಿಬಿಟ್ಟು ಹೇಳಿದ್ದೀಯಾ? ನೀನು ಸಿಟ್ಟು ಬಂದರೆ ಪಾತ್ರೆ ಕುಕ್ಕುವವಳು. ಆ ಸದ್ದಿನ ಅರ್ಥ ತಿಳಿಯುವುದು ಮನೆಯವರಿಗೆ ಮಾತ್ರ. ‘ಅಕ್ಕಾ’ ಎಂದನೆಂದು ರೊಟ್ಟಿ, ಪುಂಡಿಪಲ್ಯ ಕೊಟ್ಟೆ; ಕರಾರು ಪತ್ರ ಕೇಳಲು ನಾಚಿದೆ. ಈಗ ಅವನು ತಮ್ಮನ ಸಲುಗೆಯಲ್ಲಿದ್ದಾನೆ, ನೀನು ಮನೆಯೊಡತಿಯ ಲೆಕ್ಕದಲ್ಲಿದ್ದೀಯ.

ಭಾನುವಾರ ಬೆಳಗ್ಗೆ ಪಕ್ಕದ ಮನೆಯ ಹಿರಿಯರನ್ನು ಕೂರಿಸಿಕೊಂಡು ಮಾತಾಡು. ಮೂರು ತಿಂಗಳ ಬಾಕಿ 15,000 ರೂಪಾಯಿ. ನಿನ್ನ ಬಳಿ ಇರುವ ಅಡ್ವಾನ್ಸ್ 20,000. ‘ಇನ್ನೊಂದು ತಿಂಗಳು ನೋಡೋಣ’ ಎಂದರೆ ಅದೂ ಕರಗಿಹೋಗುತ್ತದೆ. ಈ ತಿಂಗಳ ಕೊನೆಗೆ ಕೋಣೆ ಬಿಟ್ಟರೆ ಒಂದು ತಿಂಗಳ ಬಾಕಿ ಬಿಡುತ್ತೇನೆ ಎನ್ನು. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಕೋರ್ಟಿಗೆ ಹೋದರೆ ಹಣವೂ ಹೋಗುತ್ತದೆ, ವರ್ಷಗಳೂ ಹೋಗುತ್ತವೆ. ಅಷ್ಟೂ ದಿನ ಅವನು ನಿನ್ನ ಬಚ್ಚಲಿನಲ್ಲೇ ಸ್ನಾನ ಮಾಡುತ್ತಿರುತ್ತಾನೆ. ಒಪ್ಪಿದ್ದನ್ನು ಕಾಗದದ ಮೇಲೆ ಬರೆಸಿ ಇಬ್ಬರೂ ಸಹಿ ಹಾಕಿ. ಬಾಕಿ ಕಳೆದು ಉಳಿದ ಹಣವನ್ನು ಬೀಗದ ಕೈ ನಿನ್ನ ಕೈಗೆ ಬಂದ ಮೇಲೆಯೇ ಕೊಡು.

ಒಪ್ಪದಿದ್ದರೆ ನೋಟಿಸ್. ಕರಾರಿಲ್ಲದ ತಿಂಗಳ ಬಾಡಿಗೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನ ಕೊಡಬೇಕು. ವಕೀಲರಿಂದ ಬರೆಸಿ ಸ್ಪೀಡ್ ಪೋಸ್ಟ್ ಮಾಡಿಸು. ಅಂಚೆಯವನು ನಿನ್ನ ಬಾಗಿಲಿಗೇ ಬಂದು ಅವನ ಹೆಸರು ಕೂಗುತ್ತಾನೆ. ನಗಬೇಡ, ಅವನ ಬದಲು ನೀನು ಸಹಿ ಮಾಡಲೂ ಬೇಡ. ಗಡುವು ದಾಟಿದ ಮೇಲೆ ಬಾಡಿಗೆಯೆಂದು ದುಡ್ಡು ಚಾಚಿದರೆ ವಕೀಲರನ್ನು ಕೇಳದೆ ಮುಟ್ಟಬೇಡ. ತೆಗೆದುಕೊಂಡರೆ ನೋಟಿಸನ್ನು ನೀನೇ ಕೈಬಿಟ್ಟಂತಾಯಿತು ಎಂದು ವಾದಿಸಲು ಅವನಿಗೆ ದಾರಿಯಾಗುತ್ತದೆ. ಬೆದರಿಸಿದರೆ, ಕುಡಿದು ಬಂದು ಬಾಗಿಲು ಬಡಿದರೆ ಮಾತ್ರ ಯೋಚಿಸುತ್ತ ಕೂರದೆ 112ಕ್ಕೆ ಫೋನ್ ಮಾಡು.

ಪಕ್ಕದ ಮನೆಯವರ ಮುಂದೆ ಇದೆಲ್ಲ ಬೇಡವೆನಿಸಿದರೆ ಹೇಳು, ಶನಿವಾರವೇ ಹುಮನಾಬಾದ್ ಮೇಲಿನ ಬಸ್ಸಿಗೆ ಹೊರಟು ಬರುತ್ತೇನೆ. ನಿನ್ನ ಅತ್ತೆ ಶೇಂಗಾ ಚಟ್ನಿ ಕಟ್ಟಿಕೊಡುತ್ತಾಳಂತೆ. ಅದರಲ್ಲಿ ಅವನಿಗೆ ಪಾಲು ಕೊಟ್ಟೀಯೆ, ಜೋಕೆ.

ನಿನ್ನ ಮಾಮಾ