ನಮ್ಮೂರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನಿಗೆ, ಎಳ್ಳ ಅಮಾವಾಸ್ಯೆಯ ಮರುದಿನ

ನಿನ್ನೆ ಎಳ್ಳ ಅಮಾವಾಸ್ಯೆ, ಹೊಲದಲ್ಲಿ ಭೂತಾಯಿಗೆ ಎಡೆ ಕೊಡುವ ಹಬ್ಬ. ಕಾಕಾ ಆ ಎಡೆಯ ಚರಗ ಚೆಲ್ಲುತ್ತ ಹೊರಟರೆ ನನ್ನ ಮಗಳು ಅವನ ಬೆನ್ನ ಹಿಂದೆಯೇ ಬದುವಿನುದ್ದಕ್ಕೂ ಓಡಿದಳು. ನಾನು ಬನ್ನಿ ಗಿಡದ ಬುಡದಲ್ಲಿ ಬುತ್ತಿ ಬಿಚ್ಚುತ್ತಿದ್ದೆ, ಕಿವಿ ಮಾತ್ರ ಅವಳ ಉಸಿರಿನ ಮೇಲೆಯೇ ಇತ್ತು. ಓಡಿ ಬಂದು ಮಗ್ಗುಲಲ್ಲಿ ಕೂತಳು. ಎದೆಯಲ್ಲಿ ಸುಂಯ್ ಅನ್ನುವ ಸದ್ದು ಇರಲಿಲ್ಲ. ಹೋದ ವರ್ಷ ದವಾಖಾನೆಯಿಂದ ಮನೆಗೆ ಬಂದ ಮೇಲೆ ಅವಳು ಒಂದು ರಾತ್ರಿಯೂ ಅಲ್ಲಿ ಮಲಗಿಲ್ಲ. ಒಂದು ಇಡೀ ತೊಗರಿ ರಾಶಿಯ ಹಂಗಾಮು ಹಾಗೇ ದಾಟುತ್ತಿದೆ. ಅದಕ್ಕೇ ಈ ಬರಹ.

ಅವಳಿಗೆ ದಮ್ಮು, ಅಂದರೆ ಅಸ್ತಮಾ. ಆ ಕಥೆ ಊರಿಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಗೊತ್ತಿಲ್ಲದ್ದು ಹೋದ ವರ್ಷದ ಆ ಒಂದು ರಾತ್ರಿ.

ಮಳೆಗಾಲದಲ್ಲಿ ಕಲಬುರಗಿಯ ಡಾಕ್ಟರ್ ದಿನಾಲೂ ತೆಗೆದುಕೊಳ್ಳುವ ಪಂಪ್ (ಇನ್‌ಹೇಲರ್) ಬರೆದುಕೊಟ್ಟಿದ್ದರು. ‘ಚಿಂಚೋಳಿ ಕಡೆಯಿಂದ ಪ್ರತಿ ತಿಂಗಳು ಬರೋದು ನಿಮಗ ಆಗಂಗಿಲ್ಲ, ವಿಡಿಯೋದಾಗ ತೋರಸ್ರಿ’ ಅಂದಿದ್ದರು. ಒಂದು ಸಲ ಕಲಬುರಗಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ ಅನ್ನುವುದು ಅವರಿಗೆ ತಿಳಿದಿತ್ತು. ಮಗಳು ಆರಾಮಾದಳು. ‘ಪಂಪ್ ಹಚ್ಚಿದ್ರ ಚಟ ಆಗ್ತದ’ ಅಂತ ನಾಲ್ಕು ಮಂದಿ ಹೇಳಿದರು. ನಾನು ನಿಲ್ಲಿಸಿದೆ. ಎರಡು ಸಲ ಡಾಕ್ಟರ ಕಡೆಯಿಂದ ವಿಡಿಯೋ ಕರೆ ಬಂತು, ಎರಡೂ ಸಲ ಕಟ್ ಮಾಡಿದೆ. ಏನಂತ ಹೇಳಲಿ, ನಾಚಿಕೆ ಆಗಿತ್ತು. ಈಗಲೂ ಆ ಎರಡು ಕರೆ ನೆನಪಾದರೆ ರಾತ್ರಿ ಎದ್ದು ಕೂಡುತ್ತೇನೆ.

ಅಮಾವಾಸ್ಯೆಯ ಹಿಂದಿನ ದಿನ ಹೊಲದಲ್ಲಿ ರಾಶಿ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಗುರುತು ಸಿಕ್ಕಾಗ ಊರೆಲ್ಲ ಹಿಗ್ಗಿತ್ತು, ನಾನೂ ಹಿಗ್ಗಿದ್ದೆ. ಅದೇ ತೊಗರಿಯ ಹೊಟ್ಟಿನ ಧೂಳು, ಮೇಲೆ ಆ ಥಂಡಿ. ಮರುದಿನ ರಾತ್ರಿ ಹನ್ನೊಂದಕ್ಕೆ ಮಗಳಿಗೆ ಮಾತು ನಿಂತಿತು. ‘ಅವ್ವಾ’ ಅನ್ನುವಷ್ಟು ಗಾಳಿಯೂ ಅವಳ ಹತ್ತಿರ ಇರಲಿಲ್ಲ. ಮನೆಯವರು ದುಡಿಯಲು ಹೈದರಾಬಾದಿಗೆ ಹೋಗಿದ್ದರು.

ಆಶಾ ಅಕ್ಕ ಶಾಲು ಹೊದ್ದುಕೊಂಡು ಓಡಿ ಬಂದರು. ಡಾಕ್ಟರ ನಂಬರ್ ನನಗಿಂತ ಮೊದಲು ಅವರ ಫೋನಿನಲ್ಲಿತ್ತು. ಮಗಳ ಅಂಗಿ ಎತ್ತಿ ಎದೆ ತೋರಿಸಿದರು. ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿದ್ದುದನ್ನು ಡಾಕ್ಟರ್ ನೋಡಿದ್ದೇ ತಡ, ‘ಇದು ಫೋನಿನಾಗ ನೋಡೋದಲ್ಲ, ಈಗಿಂದೀಗ 108ಕ್ಕ ಹಚ್ರಿ, ಗಾಡಿ ಬರೋ ತನಕ ದಮ್ಮು ಹತ್ತಿದಾಗ ಕೊಡೋ ನೀಲಿ ಪಂಪ್ ಕೊಡ್ರಿ’ ಅಂದರು. ಪಂಪ್ ಇತ್ತು, ಅದಕ್ಕೆ ಹಚ್ಚುವ ಕೊಳವೆ, ಸ್ಪೇಸರ್, ಒಡೆದುಹೋಗಿತ್ತು. ಅರ್ಧ ಲೀಟರ್ ನೀರಿನ ಬಾಟಲಿ ಇದೆಯಾ ಅಂತ ಡಾಕ್ಟರ್ ಕೇಳಿದರು. ಅಕ್ಕ ಈಳಿಗೆಯ ತುದಿ ಕಾಯಿಸಿ ಬಾಟಲಿಯ ತಳಕ್ಕೆ ತೂತು ಕೊರೆದು, ಪಂಪಿನ ಬಾಯಿ ಅದರಲ್ಲಿ ಬಿಗಿಯಾಗಿ ಕೂಡಿಸಿ, ಬಾಟಲಿಯ ಬಾಯಿ ಮಗಳ ತುಟಿಗೆ ಇಟ್ಟರು. ನನ್ನ ಕೈ ನಡುಗುತ್ತಿತ್ತು. ಒಂದು ಸಲ ಒತ್ತಿ, ಆರು ಉಸಿರು ಎಣಿಸಿ, ಮತ್ತೊಂದು ಸಲ ಒತ್ತುತ್ತಿದ್ದರು. ಆ ಎಣಿಕೆ ಇನ್ನೂ ನನ್ನ ಕಿವಿಯಲ್ಲಿದೆ.

ಅಕ್ಕ ಗಾಡಿಯಲ್ಲಿ ಬಂದರು. ದವಾಖಾನೆಯಲ್ಲಿ ಬೆಳಗಿನವರೆಗೆ ಕೂತರು, ಮರುದಿನವೂ ಕೂತರು. ‘ಪಂಪ್ ಯಾಕ ಬಿಟ್ಟಿ?’ ಅಂತ ಒಂದು ಮಾತು ಕೇಳಲಿಲ್ಲ. ನಾಲ್ಕನೇ ದಿನ ಮನೆಗೆ ಬಂದು ಚಹಾ ಕುಡಿದು, ‘ಮುಂದಿನ ವಿಡಿಯೋಕ್ಕ ನಾನೂ ಬರ್ತೀನಿ, ಇಬ್ರೂ ಕೂಡಿ ತೋರಸೋಣ’ ಅಂದರು. ಅಷ್ಟೇ. ನಾನು ಅವರ ಎದುರಿಗೆ ಅತ್ತದ್ದು ಅವತ್ತೇ.

2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ (ಫೋನು, ವಿಡಿಯೋದಲ್ಲಿ ಡಾಕ್ಟರಿಗೆ ತೋರಿಸುವ) ನಿಯಮದ ಪ್ರಕಾರ ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕು. ನಮ್ಮ ಮಗಳ ಜೊತೆ ಇಬ್ಬರು ಇರುತ್ತೇವೆ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಹನುಮಪ್ಪನ ಗುಡಿ ಕಟ್ಟೆಯ ಬೇವಿನ ಗಿಡದ ಕೆಳಗೆ ಸಿಗುತ್ತದೆ. ಮೊದಲನೇ ಸಲವೇ ಅಕ್ಕ ಫೋನನ್ನು ಮಗ್ಗುಲಿನಿಂದ ಹಿಡಿದರು, ತುಟಿಯೂ ಎದೆಯೂ ಕಾಣುವಂತೆ. ಆಗ ಡಾಕ್ಟರಿಗೆ ನಮ್ಮ ತಪ್ಪೆಲ್ಲ ಕಂಡಿತು. ಪಂಪ್ ಅಲ್ಲಾಡಿಸುತ್ತಿರಲಿಲ್ಲ, ಎರಡು ಸಲ ಒಮ್ಮೆಗೇ ಒತ್ತುತ್ತಿದ್ದೆ, ಅವಳು ಮೂಗಿನಿಂದ ಉಸಿರಾಡುತ್ತಿದ್ದಳು. ಅಂದರೆ ಮಳೆಗಾಲದಲ್ಲಿ ಪಂಪ್ ಬಿಡುವ ಮೊದಲೂ ಅರ್ಧ ಔಷಧ ಎದೆಗೆ ಇಳಿದಿರಲಿಲ್ಲ! ಚೀಟಿ ನೋಡಿ ಯಾರಿಗೂ ತಿಳಿಯದ ಮಾತು ಇದು. ಪಂಪ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳುವುದನ್ನು ಕಲಿಸಿದ್ದೂ ಅದೇ ಕಟ್ಟೆಯ ಮೇಲೆ. ಚಟದ ಭಯ ಹೇಳಿಕೊಂಡಾಗ ಡಾಕ್ಟರ್ ನಗಲಿಲ್ಲ. ಈ ಔಷಧದ ಅಳತೆ ಮೈಕ್ರೋಗ್ರಾಮಿನಲ್ಲಿ, ನೇರ ಶ್ವಾಸನಾಳಕ್ಕೆ ಹೋಗಿ ಅಲ್ಲಿಯ ಬಾವು ಇಳಿಸುತ್ತದೆ, ಆರಾಮಿದ್ದಾಗಲೂ ಅದಕ್ಕೇ ಬೇಕು ಅಂತ ಸಮಾಧಾನದಿಂದ ತಿಳಿಸಿದರು. ಈಗಲೂ ಆರು ತಿಂಗಳಾಗುವುದರೊಳಗೆ ಒಮ್ಮೆ ಕಲಬುರಗಿಗೆ ಕರೆದುಕೊಂಡು ಬರಲೇಬೇಕು ಅನ್ನುತ್ತಾರೆ, ಹೋಗುತ್ತೇವೆ.

ಡಾಕ್ಟರ್ ಸಾಹೇಬರಿಗೆ, ಆ ರಾತ್ರಿಯ 108ರ ಅಣ್ಣಂದಿರಿಗೆ, ಸಣ್ಣ ಮಗನನ್ನು ನಾಲ್ಕು ದಿನ ನೋಡಿಕೊಂಡ ಪಕ್ಕದ ಮನೆ ಖಾಲಾಗೆ, ಶಾಲೆಯ ಕಪಾಟಿನಲ್ಲಿ ನೀಲಿ ಪಂಪ್ ಇಟ್ಟುಕೊಂಡಿರುವ ಟೀಚರಿಗೆ, ಈ ಸಲ ರಾಶಿ ಮಷಿನನ್ನು ಮನೆಯಿಂದ ದೂರದ ಹೊಲಕ್ಕೆ ಒಯ್ದ ಮೈದುನನಿಗೆ ಕೈ ಮುಗಿಯುತ್ತೇನೆ.

ಅಕ್ಕಾ, ನಿನ್ನೆ ಹೊಲಕ್ಕೆ ಬರ್ತೀನಿ ಅಂದಿದ್ರಿ, ಯಾರದೋ ಹೆರಿಗೆಗೆ ಹೋದ್ರಿ ಅಂತ ಆಮ್ಯಾಲ ಗೊತ್ತಾಯ್ತು. ನಿಮ್ಮ ಪಾಲಿನ ಭಜ್ಜಿ, ಸಜ್ಜೆ ರೊಟ್ಟಿ ಡಬ್ಬಿಯಾಗ ತೆಗೆದಿಟ್ಟೀನಿ. ತೂತಿನ ಬಾಟಲಿ ಇನ್ನೂ ಗ್ವಾಡಿ ಮಾಡದಾಗ ಅದ, ಒಗಿಯಾಕ ಮಗಳು ಬಿಡವಲ್ಲಳು. ಸೋಮವಾರ ವಿಡಿಯೋ ಅದ. ಕಟ್ಟಿ ಮ್ಯಾಲ ಕಾಯ್ತಿರ್ತೀವಿ.