‘ಮೇಹೆಮ್’ ಕಾರ್ಟೂನ್ ಅಲ್ಲ, ಗೊಂಬೆಯಾಟ

ಮಾನ್ಯ ಸಂಪಾದಕರೇ,

2023ರ ಮೇ 10ರಂದು ಡಿಸ್ನಿ ಪ್ಲಸ್‌ನಲ್ಲಿ ಬಂದ ಗೊಂಬೆ ಬ್ಯಾಂಡ್ ಸರಣಿಯ ಬಗ್ಗೆ ನಿಮ್ಮ ಸಿನಿಮಾ ಪುರವಣಿ ಬರೆದದ್ದು ಸಂತೋಷ. ಆದರೆ ಹೆಸರನ್ನು ‘ದಿ ಮಪೆಟ್ ಮೇಹೆಮ್’ ಎಂದು ಹಾಕಿ, ಕೆಳಗೆ ‘ಹತ್ತು ಕಂತುಗಳ ಕಾರ್ಟೂನ್’ ಎಂದಿದ್ದೀರಿ. ಅದರಲ್ಲಿ ಹತ್ತು ಕಂತು ಎಂಬುದಷ್ಟೇ ಸರಿ.

ಹೆಸರು ‘ದಿ ಮಪೆಟ್ಸ್ ಮೇಹೆಮ್’. ಈ ಹೆಸರು ಸರಿಯಿಲ್ಲವೆಂದು ಅಭಿಮಾನಿಗಳು ತಕರಾರು ತೆಗೆದಿರುವುದೇ ಆ ‘ಸ್’ ಮೇಲೆ, ಅದನ್ನೇ ನುಂಗಿದರೆ ಜಗಳ ಏತಕ್ಕೆಂದು ಯಾರಿಗೂ ತಿಳಿಯದು. ಮಪೆಟ್ ಎಂಬ ಈ ಗೊಂಬೆಗಳನ್ನು ಸೃಷ್ಟಿಸಿದ ಜಿಮ್ ಹೆನ್ಸನ್ ಕಾಲದಲ್ಲಿ ಒಂದು ರೂಢಿಯಿತ್ತು. ‘ಮಪೆಟ್’ ಎಂಬುದು ಇನ್ನೊಂದು ಪದಕ್ಕೆ ವಿಶೇಷಣವಾಗಿ ಬಂದರೆ ಏಕವಚನ: 1976ರ ‘ದಿ ಮಪೆಟ್ ಶೋ’, 1979ರ ‘ದಿ ಮಪೆಟ್ ಮೂವಿ’. ಗೊಂಬೆಗಳೇ ಕರ್ತೃವಾದರೆ ಬಹುವಚನ: 1984ರ ‘ದಿ ಮಪೆಟ್ಸ್ ಟೇಕ್ ಮ್ಯಾನ್‌ಹ್ಯಾಟನ್’. 2004ರಲ್ಲಿ ಡಿಸ್ನಿ ಇವರನ್ನು ಕೊಂಡುಕೊಂಡಿತು. ಬರಬರುತ್ತಾ ‘ಮಪೆಟ್ಸ್’ ಎಂಬುದು ಬ್ರ್ಯಾಂಡ್ ಆಗಿ ಕಂಡಕಂಡದ್ದರ ಮುಂದೆ ಅಂಟಿಕೊಂಡಿತು. 2005ರ ‘ದಿ ಮಪೆಟ್ಸ್ ವಿಜರ್ಡ್ ಆಫ್ ಆಜ್’ನಲ್ಲಿ ಷಷ್ಠಿ ಸೂಚಿಸುವ ಅಪಾಸ್ಟ್ರಫಿಯಾದರೂ ಇತ್ತು, 2021ರ ‘ಮಪೆಟ್ಸ್ ಹಾಂಟೆಡ್ ಮ್ಯಾನ್ಷನ್’ನಲ್ಲಿ ಅದೂ ಇಲ್ಲ, ಈ ಸರಣಿಯ ಹೆಸರಲ್ಲೂ ಇಲ್ಲ.

ವ್ಯಾಕರಣ ಹಾಳಾಗಿ ಹೋಗಲಿ, ಶೀರ್ಷಿಕೆಯಲ್ಲಿ ಬಿಟ್ಟುಹೋದದ್ದು ಬ್ಯಾಂಡಿನ ಪೂರ್ತಿ ಹೆಸರು. ಅದು ‘ಡಾಕ್ಟರ್ ಟೀತ್ ಅಂಡ್ ದಿ ಎಲೆಕ್ಟ್ರಿಕ್ ಮೇಹೆಮ್’. ಅಭಿಮಾನಿಗಳು ಬಾಯಿಮಾತಿಗೆ ‘ಮೇಹೆಮ್’ ಎನ್ನುತ್ತಾರೆ, ನಿಜ. ಹೊಸಬರಿಗೆ ಮಾತ್ರ ಆ ಇಂಗ್ಲಿಷ್ ಪದದ ಅರ್ಥ ಬರೀ ಗಲಾಟೆ. ಇಡೀ ಮಪೆಟ್ ಬಳಗದ ಕಥೆ ಎಂದುಕೊಂಡೇ ಕೂರುತ್ತಾರೆ. ಕಥೆ ಇರುವುದು ಆರು ಜನರದು: ಕೀಬೋರ್ಡ್‌ಗೆ ಡಾಕ್ಟರ್ ಟೀತ್, ಬೇಸ್ ಗಿಟಾರ್‌ಗೆ ಫ್ಲಾಯ್ಡ್, ಲೀಡ್ ಗಿಟಾರ್‌ಗೆ ಜಾನಿಸ್, ಡ್ರಮ್ಸ್‌ಗೆ ಆನಿಮಲ್, ಸ್ಯಾಕ್ಸೊಫೋನ್‌ಗೆ ಜೂಟ್, ಟ್ರಂಪೆಟ್‌ಗೆ ಲಿಪ್ಸ್. 1975ರಿಂದ ಪರದೆಯ ಮೇಲಿರುವ ಈ ಬ್ಯಾಂಡ್ ಕಥೆಯೊಳಗೆ ಅಲ್ಲಿಯವರೆಗೆ ಒಂದು ಆಲ್ಬಮ್ಮನ್ನೂ ಮಾಡಿರಲಿಲ್ಲ. ಅದನ್ನು ಮಾಡಿಸಲು ನಟಿ ಲಿಲ್ಲಿ ಸಿಂಗ್ ಅವರ ಪಾತ್ರ ಪಡುವ ಪಾಡೇ ಸರಣಿ. ಕಂತುಗಳಿಗೂ ‘ಟ್ರ್ಯಾಕ್ 1’, ‘ಟ್ರ್ಯಾಕ್ 2’ ಎಂದೇ ಹೆಸರು. ಬರೀ ‘ದಿ ಎಲೆಕ್ಟ್ರಿಕ್ ಮೇಹೆಮ್’ ಎಂದಿದ್ದರೆ ಸಾಕಿತ್ತು.

ಇನ್ನು ಕಾರ್ಟೂನ್ ಮಾತು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಗೊಂಬೆಯಾಟದಲ್ಲಿ ಸೂತ್ರ ಮೇಲಿನಿಂದ ಬರುತ್ತದೆ. ಇಲ್ಲಿ ಕೈ ಕೆಳಗಿನಿಂದ ಬರುತ್ತದೆ, ಅಷ್ಟೇ ವ್ಯತ್ಯಾಸ. ಆಡಿಸುವವರು ನಿಂತು ಕೆಲಸ ಮಾಡಲೆಂದು ಸೆಟ್ಟನ್ನೇ ಎತ್ತರದ ಅಟ್ಟದ ಮೇಲೆ ಕಟ್ಟುತ್ತಾರೆ. ಹಾಡು ಮೊದಲೇ ರೆಕಾರ್ಡ್ ಆಗಿರುತ್ತದೆ, ಅದಕ್ಕೆ ಗೊಂಬೆಯ ಬಾಯಿ ಮತ್ತು ಕೈ ಕೂಡಿಸಬೇಕು.

ಡಾಕ್ಟರ್ ಟೀತ್ ಕೈಗಳನ್ನು ಗಮನಿಸಿ. ಅವನ ಕೈಯನ್ನು ಕಡ್ಡಿಯಿಂದ ಆಡಿಸುವುದಿಲ್ಲ, ತೋಳಿನೊಳಗೆ ಇರುವುದು ಮನುಷ್ಯರ ಕೈಯೇ. ಮುಖ್ಯ ಕಲಾವಿದ ಬಿಲ್ ಬರೆಟಾ ಅವರ ಒಂದು ಕೈ ತಲೆಯೊಳಗೆ, ಇನ್ನೊಂದು ಕೈ ಅದೇ ಗೊಂಬೆಯ ಎಡಗೈಯಲ್ಲಿ. ಬಲಗೈ ಆಡಿಸಲು ಪಕ್ಕದಲ್ಲಿ ಮೈಗೆ ಮೈ ಒತ್ತಿ ಇನ್ನೊಬ್ಬರು ನಿಲ್ಲುತ್ತಾರೆ. ಕೀಬೋರ್ಡಿನಲ್ಲಿ ರಾಗ ನುಡಿಸುವುದು ಸಾಮಾನ್ಯವಾಗಿ ಬಲಗೈ! ಅಂದರೆ ಹಾಡುವ ಬಾಯಿ ಒಬ್ಬರದು, ರಾಗದ ಬೆರಳು ಇನ್ನೊಬ್ಬರದು. ಆ ಎರಡನೆಯವರು ಅರ್ಧ ತಾಳ ಹಿಂದೆ ಬಿದ್ದರೂ ಗೊಂಬೆ ತನ್ನ ಕೈಯನ್ನು ತಾನೇ ಮರೆತಂತೆ ಕಾಣುತ್ತದೆ. ಇಬ್ಬರೂ ಗೊಂಬೆಯನ್ನು ನೋಡುವುದಿಲ್ಲ, ಕಾಲ ಬುಡದ ಮಾನಿಟರ್ ನೋಡುತ್ತಾರೆ. ಮಾನಿಟರ್ ಕನ್ನಡಿಯಂತೆ ತಿರುಗಿಸಿ ತೋರಿಸುವುದಿಲ್ಲ. ಕ್ಯಾಮೆರಾಗೆ ಮುಖ ಮಾಡಿ ನಿಂತವರು ತಮ್ಮ ಎಡಕ್ಕೆ ಸರಿದರೆ ಗೊಂಬೆ ಪರದೆಯ ಬಲಕ್ಕೆ ಹೋಗುತ್ತದೆ. ಹೊಸಬರು ತಬ್ಬಿಬ್ಬಾಗುವುದು ಇಲ್ಲೇ.

ಶಾಲೆಗಳಲ್ಲಿ ಕಾಲುಚೀಲದ ಗೊಂಬೆ ಮಾಡಿಸುವ ಶಿಕ್ಷಕರಿಗೂ ಇದರಲ್ಲಿ ಪಾಠವಿದೆ. ಮಕ್ಕಳು ನಾಲ್ಕು ಬೆರಳು ಮೇಲೆತ್ತಿ ಬಾಯಿ ತೆರೆಸುತ್ತಾರೆ. ಆಗ ತಲೆ ಹಿಂದಕ್ಕೆ ವಾಲಿ ಕಣ್ಣು ಸೂರು ನೋಡುತ್ತದೆ. ಬೆರಳು ಅಲುಗದಂತೆ ಹಿಡಿದು ಹೆಬ್ಬೆರಳನ್ನು ಮಾತ್ರ ಕೆಳಗಿಳಿಸಬೇಕು, ಇಳಿಸುವಾಗ ಮಣಿಕಟ್ಟು ತುಸು ಮುಂದೆ ಬರಬೇಕು. ಇನ್ನೊಂದು ತಪ್ಪು, ಅಕ್ಷರ ನುಡಿದಾಗ ಬಾಯಿ ಮುಚ್ಚುವುದು. ಗೊಂಬೆ ಮಾತನ್ನು ಕಚ್ಚಿದಂತಾಗುತ್ತದೆ. ‘ಕನ್ನಡ’ ಎಂದರೆ ಮೂರು ಸಲ ತೆರೆದರೆ ಸಾಕು, ಒತ್ತಕ್ಷರಕ್ಕೆ ಬೇರೆ ತೆರೆಯಬೇಕಿಲ್ಲ. ಹಾಡಿನಲ್ಲಿ ದೀರ್ಘ ಸ್ವರ ಮುಗಿಯುವವರೆಗೆ ಬಾಯಿ ತೆರೆದೇ ಇರಲಿ.

ಇಷ್ಟು ಬೆವರು ಹರಿಸಿ ಮಾಡಿದ್ದನ್ನು ಕಾರ್ಟೂನ್ ಎನ್ನುವುದು ಅನ್ಯಾಯ. ಬ್ಯಾಂಡ್ ಹುಟ್ಟಿದಾಗಿನ ಕಲಾವಿದರಲ್ಲಿ ಈ ಸರಣಿಯಲ್ಲೂ ತಮ್ಮ ಪಾತ್ರ ಆಡಿಸಿದವರು ಜೂಟ್‌ನನ್ನು ಆಡಿಸುವ ಡೇವ್ ಗೋಲ್ಜ್ ಒಬ್ಬರೇ. ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಹಾಕುವುದಾದರೆ ಶೀರ್ಷಿಕೆಯ ‘ಸ್’ ಜೊತೆಗೆ ಗೊಂಬೆ ಆಡಿಸಿದವರ ಹೆಸರನ್ನೂ ಸೇರಿಸಿ. ಲಿಲ್ಲಿ ಸಿಂಗ್ ಫೋಟೊ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ.

– ಗೊಂಬೆಯಾಟದ ಆಸಕ್ತರು, ಮೈಸೂರು